ಸೂರ್ಯಕಾಂತಿ ತೆನೆ ದೊಡ್ಡದು, ಕಾಳು ಜೊಳ್ಳು: ದೋಷ ಎಲ್ಲಿದೆ ಅಂತ ಹುಡುಕುವ ಬಗೆ

ರಾಶಿ ಮಾಡಿ ಚೀಲ ಎತ್ತಿದಾಗಲೇ ಗೊತ್ತಾಗಿಬಿಡುತ್ತದೆ. ಚೀಲ ಬಾಯಿತನಕ ತುಂಬಿರುತ್ತದೆ, ತೂಕ ಮಾತ್ರ ಇರುವುದಿಲ್ಲ. ಹೊಲದಲ್ಲಿ ನಿಂತಾಗ ಊಟದ ತಟ್ಟೆಯಷ್ಟು ತೆನೆ, ಕಣಕ್ಕೆ ಬಂದ ಮೇಲೆ ಬರೀ ಸಿಪ್ಪೆ. ಕಲಬುರಗಿ, ಯಾದಗಿರಿ ಕಡೆ ಸೂರ್ಯಕಾಂತಿ ಹಾಕುವವರಿಗೆ ಇದು ಹೊಸ ಸಂಕಟವೇನಲ್ಲ. ನಮ್ಮಲ್ಲಿ ಸೂರ್ಯಪಾನ ಅಂತಲೂ ಕರೆಯುತ್ತಾರೆ.

"ಬೀಜ ಸರಿ ಇರಲಿಲ್ಲ" ಅಂತ ಒಂದೇ ಮಾತಿನಲ್ಲಿ ನಾವು ಮುಗಿಸಿಬಿಡುತ್ತೇವೆ. ಕೆಲವು ಸಲ ಅದೇ ನಿಜ ಇರಬಹುದು. ಆದರೆ ಜಾಸ್ತಿ ಸಲ ಉತ್ತರ ತೆನೆಯ ಒಳಗೇ ಇರುತ್ತದೆ. ಜೊಳ್ಳು ಎಷ್ಟಿದೆ ಅಂತ ನೋಡಿದರೆ ಸಾಲದು, ತೆನೆಯ ಯಾವ ಜಾಗದಲ್ಲಿದೆ ಅಂತ ನೋಡಬೇಕು. ರಾಶಿ ಆದ ಮೇಲೆ ಎಲ್ಲ ಕಾಳು ಒಂದಾಗಿ ಆ ಗುರುತು ಅಳಿಸಿಹೋಗುತ್ತದೆ. ಹಾಗಾಗಿ ಹೊಲದಲ್ಲಿ ತೆನೆ ನಿಂತಿರುವಾಗಲೇ ಈ ಕೆಲಸ ಮಾಡಿ.

ಮೊದಲು ಜೊಳ್ಳು ನಿಜವಾ ಅಂತ ಖಾತ್ರಿ ಮಾಡಿಕೊಳ್ಳಿ

ಹೂವು ಮುಗಿದು ಮೂರು ವಾರ ಆದ ಮೇಲೆ ಹೊಲದೊಳಗೆ ಹೋಗಿ. ಬದುವಿನ ಪಕ್ಕದ ಗಿಡ ಬೇಡ, ಅದು ಯಾವಾಗಲೂ ಸುಳ್ಳು ಹೇಳುತ್ತದೆ. ಒಳಗಿನ ಬೇರೆ ಬೇರೆ ಸಾಲಿನಿಂದ ಹತ್ತು ತೆನೆ ಕೊಯ್ದು ತನ್ನಿ. ಪ್ರತಿ ತೆನೆಯನ್ನೂ ರೊಟ್ಟಿ ಮುರಿದ ಹಾಗೆ ನಡುವೆ ಎರಡು ಹೋಳು ಮಾಡಿ. ಅಂಚಿನಿಂದ ನಡುವಿನ ತನಕ ಒಂದೊಂದೇ ಕಾಳನ್ನು ಹೆಬ್ಬೆರಳ ಉಗುರಿನಿಂದ ಒತ್ತುತ್ತಾ ಬನ್ನಿ. ತುಂಬಿದ ಕಾಳು ಗಟ್ಟಿ ನಿಲ್ಲುತ್ತದೆ. ಜೊಳ್ಳು ಕಾಳು ಕಾಗದದ ಹಾಗೆ ಚಪ್ಪಟೆಯಾಗುತ್ತದೆ.

ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಯಾಕಂದರೆ ಸೂರ್ಯಕಾಂತಿಯಲ್ಲಿ ಸಿಪ್ಪೆ ಬೆಳೆಯಲು ಒಳಗೆ ತಿರುಳು ಇರಲೇಬೇಕು ಅಂತ ಇಲ್ಲ. ಪರಾಗ ಬೀಳದೆ ಹೋದರೂ ಸಿಪ್ಪೆ ತನ್ನ ಪಾಡಿಗೆ ಬೆಳೆಯುತ್ತದೆ, ಕರ್ರಗಾಗುತ್ತದೆ. ಅದಕ್ಕೇ ಹೊಲ ನೋಡಿ ಇಷ್ಟು ಕ್ವಿಂಟಲ್ ಬರುತ್ತದೆ ಅಂತ ಲೆಕ್ಕ ಹಾಕಿದವರು ಮೋಸ ಹೋಗುತ್ತಾರೆ.

ಬತ್ತದ ಬೀಜದ ಹಾಗೆ ನೀರಿಗೆ ಹಾಕಿ ತೇಲಿಸಿ ನೋಡುವವರೂ ಇದ್ದಾರೆ. ಸೂರ್ಯಕಾಂತಿಗೆ ಆ ಪರೀಕ್ಷೆ ಬೇಡ. ಸಿಪ್ಪೆಗೂ ತಿರುಳಿಗೂ ನಡುವೆ ಗಾಳಿ ಇರುತ್ತದೆ, ತುಂಬಿದ ಕಾಳೂ ತೇಲುತ್ತದೆ. ಉಗುರನ್ನೇ ನಂಬಿ.

ಇನ್ನು ಕಾಳೇ ಇಲ್ಲದೆ ಗೂಡು ಖಾಲಿ ಇದ್ದು, ಗಿಡದ ಬುಡದಲ್ಲಿ ಸೀಳಿದ ಸಿಪ್ಪೆ ಬಿದ್ದಿದ್ದರೆ ಅದು ಜೊಳ್ಳಲ್ಲ, ಗಿಳಿ. ಬೆಳಿಗ್ಗೆ, ಸಂಜೆ ಕಾವಲು ಬೇಕು ಅಷ್ಟೇ.

ತೆನೆಯೇ ಕ್ಯಾಲೆಂಡರ್

ನಾವು ಒಂದು ಹೂವು ಅಂತ ಕರೆಯುವ ತೆನೆಯಲ್ಲಿ ನೂರಾರು ಸಣ್ಣ ಹೂಗಳಿರುತ್ತವೆ. ದೊಡ್ಡ ತೆನೆಯಲ್ಲಿ ಸಾವಿರ ದಾಟುತ್ತದೆ. ಸುತ್ತಲಿನ ಹಳದಿ ಎಸಳುಗಳು ಕಾಳು ಕಟ್ಟುವುದಿಲ್ಲ, ಅವು ಜೇನನ್ನು ಕರೆಯಲು ಮಾತ್ರ. ಕಾಳು ಕಟ್ಟುವುದು ಒಳಗಿನ ಸಣ್ಣ ಹೂಗಳು. ಅವೆಲ್ಲ ಒಂದೇ ದಿನ ಅರಳುವುದಿಲ್ಲ. ಮೊದಲು ಅಂಚಿನ ಸುತ್ತು, ಮರುದಿನ ಅದರ ಒಳಗಿನ ಸುತ್ತು, ಹೀಗೆ ದಿನಕ್ಕೆ ಕೆಲವು ಸುತ್ತಿನಂತೆ ನಡುವಿಗೆ ಸರಿಯುತ್ತಾ ಹೋಗುತ್ತವೆ. ಒಂದು ತೆನೆ ಪೂರ್ತಿ ಅರಳಲು ಒಂದು ವಾರದಿಂದ ಹತ್ತು ದಿನ ಬೇಕು.

ಅಂದರೆ ತೆನೆಯ ಪ್ರತಿ ಸುತ್ತಿಗೂ ಒಂದು ತಾರೀಖು ಇದೆ. ಅಂಚಿನಿಂದ ನಡುವಿಗೆ ಒಂಬತ್ತು ಸೆಂಟಿಮೀಟರ್ ಇರುವ ತೆನೆ ಒಂಬತ್ತು ದಿನದಲ್ಲಿ ಅರಳಿದ್ದರೆ, ಒಂದು ಸೆಂಟಿಮೀಟರ್ ಹೆಚ್ಚುಕಡಿಮೆ ಒಂದು ದಿನ. ಜೊಳ್ಳು ಎಲ್ಲಿ ಶುರುವಾಗಿ ಎಲ್ಲಿ ನಿಂತಿದೆ ಅಂತ ಅಳೆದರೆ ಯಾವ ದಿನ ಏನೋ ಆಯಿತು ಅಂತ ತಿಳಿಯುತ್ತದೆ. ಇದನ್ನು ನಾನು ಕಲಿತದ್ದು ನನ್ನ ಹೊಲದಲ್ಲೇ.

ಜೊಳ್ಳು ಉಂಗುರದ ಹಾಗೆ ಇದ್ದರೆ

ಜೇವರ್ಗಿ ತಾಲ್ಲೂಕಿನಲ್ಲಿ ನಮ್ಮದು ಎರೆ ಹೊಲ. ಎರಡು ಎಕರೆ ಸೂರ್ಯಕಾಂತಿ, ಪಕ್ಕದಲ್ಲೇ ಮೂರು ಎಕರೆ ತೊಗರಿ. ಸೆಪ್ಟೆಂಬರ್ ಎರಡನೇ ವಾರ ಬಿತ್ತಿದ್ದೆ. ನವೆಂಬರ್ 9ಕ್ಕೆ ಅಂಚಿನ ಸುತ್ತು ಅರಳಿತ್ತು. ಹೊಲ ಎಷ್ಟು ಚೆನ್ನಾಗಿತ್ತೆಂದರೆ ದಾರಿಯಲ್ಲಿ ಹೋಗುವವರು ಗಾಡಿ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು.

ಡಿಸೆಂಬರ್ ಮೊದಲ ವಾರ ಒಂದು ತೆನೆ ಮುರಿದೆ. ಅಂಚಿನಿಂದ ಎರಡು ಬೆರಳಗಲ ಕಾಳು ಗಟ್ಟಿ. ಆಮೇಲೆ ಉಗುರು ಇಟ್ಟಲ್ಲೆಲ್ಲ ಕಾಳು ಚಪ್ಪಟೆ. ಒಂದು, ಎರಡು, ಹತ್ತು, ಎಲ್ಲವೂ ಹಾಗೇ. ಮತ್ತೆ ಎರಡು ಬೆರಳಗಲ ದಾಟಿದ ಮೇಲೆ ಕಾಳು ಗಟ್ಟಿ. ಬಳೆ ಇಟ್ಟು ಗೆರೆ ಎಳೆದ ಹಾಗೆ ಒಂದು ಸುತ್ತು ಪೂರಾ ಖಾಲಿ. ಎರಡನೇ ತೆನೆಯಲ್ಲೂ ಹಾಗೆ, ಮೂರನೆಯದರಲ್ಲೂ ಹಾಗೆ. ನಾಲ್ಕನೆಯದು ಒಂದು ತಡವಾದ ಗಿಡದ ತೆನೆ. ಅದು ಮೂರ್ನಾಲ್ಕು ದಿನ ಹಿಂದೆ ಬಿದ್ದು ಅರಳಿತ್ತು. ಅದರಲ್ಲಿ ಖಾಲಿ ಸುತ್ತು ಅಂಚಿನಲ್ಲೇ ಇತ್ತು.

ಆ ನಾಲ್ಕನೇ ತೆನೆ ನನಗೆ ಎಲ್ಲ ಹೇಳಿತು. ಗೊಬ್ಬರದ ಕೊರತೆ ಆಗಿದ್ದರೆ ಜೊಳ್ಳು ಎಲ್ಲ ತೆನೆಯಲ್ಲೂ ಒಂದೇ ಜಾಗದಲ್ಲಿ ಇರಬೇಕಿತ್ತು. ಬೇಗ ಅರಳಿದ ಗಿಡದಲ್ಲಿ ಉಂಗುರ ಒಳಗೆ, ತಡವಾಗಿ ಅರಳಿದ ಗಿಡದಲ್ಲಿ ಉಂಗುರ ಹೊರಗೆ ಇದೆ ಅಂದರೆ ಕಾರಣ ಗಿಡದಲ್ಲಿಲ್ಲ, ತಾರೀಖಿನಲ್ಲಿದೆ. ನವೆಂಬರ್ 12, 13ಕ್ಕೆ ನಾನು ತೊಗರಿಗೆ ಕಾಯಿಕೊರಕದ ಔಷಧಿ ಹೊಡೆದಿದ್ದೆ. ಹತ್ತು ಗಂಟೆಗೆ ಶುರು ಮಾಡಿ ಮಧ್ಯಾಹ್ನದ ತನಕ. ಬದುವಿನ ಮೇಲೆ ಐದಾರು ಜೇನು ಬಿದ್ದು ಒದ್ದಾಡುತ್ತಿದ್ದುದನ್ನು ನೋಡಿದ್ದೆ. ಆಗ ಅದಕ್ಕೂ ಸೂರ್ಯಕಾಂತಿಗೂ ಸಂಬಂಧ ಇದೆ ಅಂತ ಹೊಳೆಯಲಿಲ್ಲ. ಈಗಲೂ ಆ ಜೇನುಗಳು ಕಣ್ಣ ಮುಂದೆ ಬರುತ್ತವೆ.

ಇದು ನನ್ನೊಬ್ಬನ ಹೊಲದ ಕಥೆ ಅಲ್ಲ ಅಂತ ನನ್ನ ನಂಬಿಕೆ. ಕಲಬುರಗಿ ತೊಗರಿಯ ಜಿಲ್ಲೆ. ಜೂನ್, ಜುಲೈನಲ್ಲಿ ಬಿತ್ತಿದ ತೊಗರಿ ಹೂವಿಗೆ ಬಂದು ಕಾಯಿ ಕಟ್ಟುವುದು ಅಕ್ಟೋಬರ್, ನವೆಂಬರಿನಲ್ಲಿ. ಹಿಂಗಾರಿ ಸೂರ್ಯಕಾಂತಿ ಅರಳುವುದೂ ಆಗಲೇ. ಸುತ್ತಮುತ್ತ ಎಲ್ಲರೂ ಔಷಧಿ ಹೊಡೆಯುವ ವಾರದಲ್ಲೇ ನಮ್ಮ ತೆನೆಗೆ ಜೇನು ಬೇಕಾಗಿರುತ್ತದೆ.

ಪರಿಹಾರ ಕಷ್ಟದ್ದಲ್ಲ. ಸೂರ್ಯಕಾಂತಿ ಅರಳಿರುವ ಆ ಹತ್ತು ದಿನ ಅದರ ಮೇಲೆ ಯಾವ ಕೀಟನಾಶಕವೂ ಬೇಡ. ಪಕ್ಕದ ತೊಗರಿಗೆ ಹೊಡೆಯಲೇಬೇಕಾದರೆ ಸಂಜೆ ಐದರ ಮೇಲೆ ಹೊಡೆಯಿರಿ, ಜೇನು ಗೂಡಿಗೆ ಹೋಗಿರುತ್ತದೆ. ಗಾಳಿ ಸೂರ್ಯಕಾಂತಿ ಕಡೆ ಬೀಸುತ್ತಿದ್ದರೆ ಆ ದಿನ ಬಿಡಿ. ಪಕ್ಕದ ಹೊಲದವರಿಗೂ ಮೊದಲೇ ಒಂದು ಮಾತು ಹೇಳಿ ಬನ್ನಿ. ತೆನೆಯಲ್ಲೇ ಕಾಯಿಕೊರಕ ಬಿದ್ದರೆ ಎನ್‌ಪಿವಿ ನಂಜಾಣು ದ್ರಾವಣ ಇದೆ. ಹೆಕ್ಟೇರಿಗೆ 250 ಎಲ್‌ಇ (ದ್ರಾವಣದಲ್ಲಿರುವ ನಂಜಾಣುವಿನ ಅಳತೆ), ಅಂದರೆ ಎಕರೆಗೆ 100, ಸಂಜೆ ಹೊತ್ತು ಸಿಂಪಡಿಸಬೇಕು. ಅದು ಆ ಹುಳುವನ್ನು ಕೊಲ್ಲುತ್ತದೆ, ಜೇನಿಗೆ ಏನೂ ಮಾಡುವುದಿಲ್ಲ.

ಉಂಗುರ ಬರಲು ಬೇರೆ ಕಾರಣವೂ ಇದೆ. ಹೂವಿನ ಹೊತ್ತಿಗೆ ಎರಡು ಮೂರು ದಿನ ಬಿಡದೆ ಮಳೆ ಹಿಡಿದರೆ ಪರಾಗ ತೊಳೆದುಹೋಗುತ್ತದೆ, ಜೇನೂ ಹೊರಗೆ ಬರುವುದಿಲ್ಲ. ಬೇಸಿಗೆ ಬೆಳೆಯಲ್ಲಿ ಬಿಸಿಲೇ ಶತ್ರು. ತಡವಾಗಿ ಬಿತ್ತಿ ಏಪ್ರಿಲ್‌ನಲ್ಲಿ ಹೂವಿಗೆ ಬಂದರೆ, ನಮ್ಮ ಕಡೆಯ 40 ಡಿಗ್ರಿಯಲ್ಲಿ ಪರಾಗದ ಜೀವವೇ ಹೋಗುತ್ತದೆ. ನೀರಾವರಿ ಇರುವವರು ಜನವರಿಯಲ್ಲೇ ಬಿತ್ತಿದರೆ ಮಾರ್ಚ್ ಮುಗಿಯುವುದರೊಳಗೆ ಹೂವು ಮುಗಿಯುತ್ತದೆ.

ಉಂಗುರದ ಅಂಚು ಸ್ವಲ್ಪ ಮಸುಕಾಗಿರುತ್ತದೆ, ಅದಕ್ಕೆ ಗಾಬರಿ ಬೇಡ. ಒಂದು ಸಣ್ಣ ಹೂವು ಅರಳಿ ಎರಡು ಮೂರು ದಿನ ಪರಾಗಕ್ಕೆ ಕಾಯುತ್ತದೆ. ಹಾಗಾಗಿ ಲೆಕ್ಕ ಒಂದು ದಿನ ಆಚೆ ಈಚೆ ಆಗುತ್ತದೆ.

ಇಡೀ ತೆನೆಯಲ್ಲಿ ಅಲ್ಲಲ್ಲಿ ಜೊಳ್ಳು

ಒಂದು ಕಾಳು ಗಟ್ಟಿ, ಪಕ್ಕದ ಎರಡು ಜೊಳ್ಳು, ಮತ್ತೆ ಒಂದು ಗಟ್ಟಿ. ಅಂಚಿನಿಂದ ನಡುವಿನ ತನಕ ಹೀಗೇ ಇದ್ದರೆ ಜೇನಿನ ಕೊರತೆ. ಒಂದು ದಿನದ್ದಲ್ಲ, ಹೂವು ಇದ್ದಷ್ಟೂ ದಿನದ್ದು.

ಸೂರ್ಯಕಾಂತಿ ಪರಾಗ ಭಾರ, ಅಂಟು ಜಾಸ್ತಿ. ಜೋಳದ ಪರಾಗದ ಹಾಗೆ ಗಾಳಿಯಲ್ಲಿ ಹಾರುವುದಿಲ್ಲ. ಅದೂ ಅಲ್ಲದೆ ಪ್ರತಿ ಸಣ್ಣ ಹೂವಿನಲ್ಲೂ ಮೊದಲು ಪರಾಗ ಬರುತ್ತದೆ, ಅದನ್ನು ಹಿಡಿಯುವ ಕವಲು ನಾಲಿಗೆ ಆಮೇಲೆ ಹೊರಗೆ ಚಾಚುತ್ತದೆ. ತನ್ನ ಪರಾಗ ತನಗೇ ಸುಲಭವಾಗಿ ಸಿಗದ ಹಾಗೆ ಗಿಡವೇ ಏರ್ಪಾಡು ಮಾಡಿಕೊಂಡಿದೆ. 1969ರಲ್ಲಿ ರಷ್ಯಾದಿಂದ ಬಂದ ಹಳೆಯ ತಳಿಗಳಲ್ಲಿ ಈ ತೊಂದರೆ ಜಾಸ್ತಿ ಇತ್ತು. 1980ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದ ಬಿಎಸ್‌ಎಚ್-1 ಬಂತು. ದೇಶದ ಮೊದಲ ಸೂರ್ಯಕಾಂತಿ ಹೈಬ್ರಿಡ್ ಅದು. ಹೈಬ್ರಿಡ್‌ಗಳು ತಮ್ಮ ಪರಾಗದಿಂದಲೂ ಒಂದಿಷ್ಟು ಕಾಳು ಕಟ್ಟುತ್ತವೆ. ಆದರೂ ಜೇನು ಬಂದ ಹೊಲಕ್ಕೂ ಬಾರದ ಹೊಲಕ್ಕೂ ಚೀಲದ ತೂಕದಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ.

ಹೂವಿನ ಕಾಲದಲ್ಲೇ ಇದನ್ನು ಪರೀಕ್ಷೆ ಮಾಡಬಹುದು. ಬೆಳಿಗ್ಗೆ ಎಂಟೂವರೆ, ಒಂಬತ್ತಕ್ಕೆ ಹೊಲದ ಪೂರ್ವದ ಬದುವಿನ ಮೇಲೆ ನಿಲ್ಲಿ. ಮೊಗ್ಗು ಇರುವ ತನಕ ಗಿಡ ಸೂರ್ಯನ ಜೊತೆ ತಿರುಗುತ್ತದೆ. ಅರಳಿದ ಮೇಲೆ ತಿರುಗುವುದು ನಿಲ್ಲಿಸಿ ಪೂರ್ವಕ್ಕೇ ಮುಖ ಮಾಡುತ್ತದೆ. ಎಳೆ ಬಿಸಿಲಿಗೆ ಮುಖ ಬೇಗ ಬೆಚ್ಚಗಾಗುತ್ತದೆ, ಬೆಚ್ಚಗಿನ ಹೂವಿಗೆ ಜೇನು ಬೇಗ ಬರುತ್ತದೆ. ಅಮೆರಿಕದ ವಿಜ್ಞಾನಿಗಳು ಕುಂಡದ ಗಿಡಗಳನ್ನು ಪಶ್ಚಿಮಕ್ಕೆ ತಿರುಗಿಸಿ ನೋಡಿದರು. ಪೂರ್ವಕ್ಕೆ ಮುಖ ಮಾಡಿದ ಹೂಗಳಿಗೆ ಅವಕ್ಕಿಂತ ಐದು ಪಟ್ಟು ಜಾಸ್ತಿ ಜೇನು, ದುಂಬಿ ಬಂದಿದ್ದವು. 2016ರಲ್ಲಿ ಅದು ಪ್ರಕಟವಾಯಿತು. ನಮ್ಮ ಹೊಲದಲ್ಲಿ ದಿನಾ ಕಾಣುವ ವಿಷಯದ ಹಿಂದೆ ಇಷ್ಟು ಇದೆ ಅಂತ ಓದಿದಾಗ ನನಗೆ ಬಹಳ ಖುಷಿಯಾಯಿತು.

ನಿಂತಲ್ಲಿಂದ ನೂರು ತೆನೆ ಎಣಿಸಿ. ನನ್ನ ಲೆಕ್ಕದಲ್ಲಿ ಅರ್ಧದಷ್ಟು ತೆನೆಯ ಮೇಲಾದರೂ ಜೇನು ಕಾಣಬೇಕು. ಹತ್ತು ಹದಿನೈದರ ಮೇಲೆ ಮಾತ್ರ ಇದ್ದರೆ ಅದೇ ದಿನ ಕೈ ಕೆಲಸಕ್ಕೆ ಇಳಿಯಿರಿ. ಅಂಗೈಗೆ ಮೆತ್ತನೆಯ ಹತ್ತಿ ಬಟ್ಟೆ ಸುತ್ತಿಕೊಂಡು, ಮಗುವಿನ ಕೆನ್ನೆ ಒರೆಸುವ ಹಾಗೆ ಹಗುರವಾಗಿ ತೆನೆಯ ಮೇಲೆ ಸವರಬೇಕು. ಅದೇ ಬಟ್ಟೆಯಿಂದ ಮುಂದಿನ ತೆನೆ, ಅದರ ಮುಂದಿನದು. ಬಟ್ಟೆ ಹಳದಿಯಾಗುತ್ತಾ ಹೋಗುತ್ತದೆ, ಅದೇ ಪರಾಗ. ಬೆಳಿಗ್ಗೆ ಎಂಟರಿಂದ ಹನ್ನೊಂದರೊಳಗೆ, ದಿನ ಬಿಟ್ಟು ದಿನ, ನಾಲ್ಕೈದು ಸಲ.

ಇದು ಸಣ್ಣ ಕೆಲಸ ಅಲ್ಲ. 60 ಸೆಂಟಿಮೀಟರ್ ಸಾಲು, 30 ಸೆಂಟಿಮೀಟರ್ ಗಿಡದ ಅಂತರ ಇಟ್ಟರೆ ಎಕರೆಗೆ 22,000 ಗಿಡ ಬರುತ್ತವೆ. ಒಂದಕ್ಕೆ ಎರಡು ಸೆಕೆಂಡ್ ಅಂದರೂ ಹನ್ನೆರಡು ಗಂಟೆ ಆಯಿತು. ಮೂರು ಗಂಟೆಯಲ್ಲಿ ಮುಗಿಸಲು ನಾಲ್ಕು ಆಳು ಬೇಕು. ಇಷ್ಟನ್ನೂ ಜೇನು ಪುಕ್ಕಟೆ ಮಾಡಿಕೊಡುತ್ತದೆ. ಊರಿನ ಆಲದ ಮರದಲ್ಲೋ ನೀರಿನ ಟ್ಯಾಂಕಿನ ಕೆಳಗೋ ಹೆಜ್ಜೇನು ಕಟ್ಟಿದ್ದರೆ ಹೊಗೆ ಹಾಕಿ ಓಡಿಸಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಬದುವಿನ ಜಾಲಿ ಪೊದೆಯಲ್ಲಿ ಕೋಲುಜೇನು ಇದ್ದರೆ ಪೊದೆಯನ್ನೂ ಬಿಡಿ. ಪೆಟ್ಟಿಗೆ ಜೇನು ಸಿಕ್ಕರೆ ಎಕರೆಗೆ ಎರಡು ಪೆಟ್ಟಿಗೆ ಸಾಕು.

ನಡುವೆ ಮಾತ್ರ ಖಾಲಿ

ತೀರಾ ನಡುವೆ ಒಂದು ರೂಪಾಯಿ ನಾಣ್ಯದಷ್ಟು ಜೊಳ್ಳು ಇರುವುದು ಸಹಜ. ಅಂಗೈ ಅಗಲ ಖಾಲಿ ಇದ್ದರೆ ಮಾತ್ರ ದೋಷ. ಇದು ಎಲ್ಲ ತೆನೆಯಲ್ಲೂ ಒಂದೇ ಜಾಗದಲ್ಲಿರುತ್ತದೆ, ಉಂಗುರದ ಹಾಗೆ ಆಚೆ ಈಚೆ ಸರಿಯುವುದಿಲ್ಲ. ಅಂಚಿನ ಕಾಳು ಮೊದಲು ಹುಟ್ಟಿ ಮೊದಲು ಉಣ್ಣುತ್ತದೆ, ನಡುವಿನ ಕಾಳಿನ ಸರದಿ ಬರುವಷ್ಟರಲ್ಲಿ ಗಿಡದ ಹತ್ತಿರ ಏನೂ ಉಳಿದಿರುವುದಿಲ್ಲ.

ಮೊದಲು ನೀರು ನೋಡಿ. ಎರೆ ಹೊಲ ನವೆಂಬರ್, ಡಿಸೆಂಬರಿನಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಬಿರುಕಿನಿಂದ ಹಸಿ ಆರುತ್ತದೆ, ಬೇರೂ ಹರಿಯುತ್ತದೆ. ಮೊಗ್ಗು, ಹೂವು, ಕಾಳು ತುಂಬುವ ಹೊತ್ತು, ಈ ಮೂರರಲ್ಲಿ ನೀರು ತಪ್ಪಬಾರದು. ನೀರು ಇಲ್ಲದವರು ಗಿಡ ಮೊಣಕಾಲೆತ್ತರ ಆಗುವುದರೊಳಗೆ ಎರಡು ಸಲ ಎಡೆ ಹೊಡೆದು ಬಿರುಕು ಮುಚ್ಚಿದರೆ ಹಸಿ ಉಳಿಯುತ್ತದೆ.

ಆಮೇಲೆ ಗಿಡದ ದಟ್ಟಣೆ. ಬಿತ್ತಿ ಹತ್ತು ಹದಿನೈದು ದಿನಕ್ಕೆ ಗುಣಿಗೆ ಒಂದೇ ಗಿಡ ಉಳಿಸಿ ಉಳಿದದ್ದು ಕಿತ್ತು ಹಾಕಬೇಕು. ಹಸಿರು ಗಿಡ ಕೀಳಲು ಮನಸ್ಸು ಬರುವುದಿಲ್ಲ, ಗೊತ್ತು. ಎರಡು ಬಿಟ್ಟರೆ ಎರಡೂ ಅರೆಹೊಟ್ಟೆ.

ಇವೆರಡೂ ಸರಿ ಇದ್ದು ನಡುವೆ ಖಾಲಿ ಅಂದರೆ ಬೋರಾನ್ ಅನ್ನುವ ಪೋಷಕಾಂಶದ ಕೊರತೆ ಇದೆಯಾ ನೋಡಿ. ತುದಿಯ ಎಲೆ ದಪ್ಪಗೆ, ಸೊಟ್ಟಗೆ, ಕಂಚಿನ ಬಣ್ಣಕ್ಕೆ ತಿರುಗಿರುತ್ತದೆ, ಮಡಚಿದರೆ ಪಟ್ ಅಂತ ಮುರಿಯುತ್ತದೆ. ತೆನೆಯ ಕೆಳಗಿನ ಕುತ್ತಿಗೆಯಲ್ಲಿ ಅಡ್ಡ ಬಿರುಕು ಇದ್ದರಂತೂ ಅನುಮಾನವೇ ಬೇಡ. ಸುಣ್ಣದ ಅಂಶ ಜಾಸ್ತಿ ಇರುವ ಎರೆ ಮಣ್ಣಿನಲ್ಲಿ ಬೋರಾನ್ ಇದ್ದರೂ ಬೇರಿಗೆ ಸುಲಭವಾಗಿ ಸಿಗುವುದಿಲ್ಲ. ಹಳದಿ ಎಸಳು ಬಿಚ್ಚುವ ಹೊತ್ತಿಗೆ ಲೀಟರ್ ನೀರಿಗೆ 2 ಗ್ರಾಂ ಬೋರಾಕ್ಸ್ ಹಾಕಿ ತೆನೆಗೆ ಸಿಂಪಡಿಸಬೇಕು. ತಣ್ಣೀರಿನಲ್ಲಿ ಬೇಗ ಕರಗುವುದಿಲ್ಲ. ಮೊದಲು ಒಂದು ತಂಬಿಗೆ ಬಿಸಿನೀರಿನಲ್ಲಿ ಕರಗಿಸಿ ಆಮೇಲೆ ಟ್ಯಾಂಕಿಗೆ ಸುರಿಯಿರಿ. ಅಳತೆ ಮೀರಬೇಡಿ, ಬೋರಾನ್ ಜಾಸ್ತಿಯಾದರೂ ಎಲೆ ಸುಡುತ್ತದೆ. ಸಂಜೆಯೇ ಹೊಡೆಯಿರಿ, ಇದರ ಜೊತೆ ಕೀಟನಾಶಕ ಬೆರೆಸಬೇಡಿ. ಮುಂದಿನ ಬೆಳೆಗೆ ಮೊದಲು ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸಿದರೆ ಅಂದಾಜಿನಲ್ಲಿ ಹೊಡೆಯುವುದು ತಪ್ಪುತ್ತದೆ.

ತೆನೆ ಸೊಟ್ಟ, ಗಿಡ ಕುಳ್ಳ, ಎತ್ತರ ಒಂದೇ ಸಮ ಇಲ್ಲ

ತೆನೆ ಒಂದು ಕಡೆಗೆ ತಿರುಚಿಕೊಂಡು, ಎಲೆ, ತೊಟ್ಟು, ಕಾಂಡದ ಮೇಲೆ ಕಂದು ಕಲೆ ಸುಟ್ಟ ಹಾಗೆ ಹಬ್ಬಿದ್ದರೆ ಅದು ನಂಜು ರೋಗ. ರಾಜ್ಯದಲ್ಲಿ ಮೊದಲು ಕಂಡದ್ದು 1997ರಲ್ಲಿ, ಬಾಗೇಪಲ್ಲಿ ಕಡೆ. ಹರಡುವುದು ಥ್ರಿಪ್ಸ್ ನುಸಿ, ರೋಗದ ತವರು ಬದುವಿನ ಪಾರ್ಥೇನಿಯಂ. ಬಂದ ಮೇಲೆ ಔಷಧಿ ಇಲ್ಲ. ಬಿತ್ತುವ ಮೊದಲೇ ಬದು ಸ್ವಚ್ಛ ಮಾಡಿ, ಬೀಜೋಪಚಾರ ಮಾಡಿ, ಹೊಲದ ಸುತ್ತ ಮೂರ್ನಾಲ್ಕು ಸಾಲು ಜೋಳ ಮುಂಚೆಯೇ ಹಾಕಿ. ಜೋಳದ ಗೋಡೆ ನುಸಿಯನ್ನು ತಡೆಯುತ್ತದೆ. ಜೋಳ ಹಾಕುವುದು ನಮ್ಮ ಕಡೆಯವರಿಗೆ ಹೇಳಿಕೊಡಬೇಕಾ?

ಒಂದು ಗಿಡ ಆಳೆತ್ತರ, ಪಕ್ಕದ್ದು ಸೊಂಟದೆತ್ತರ, ಹೂವೂ ಹಿಂದೆ ಮುಂದೆ ಅಂದರೆ ಹೋದ ವರ್ಷದ ಹೈಬ್ರಿಡ್ ಕಾಳನ್ನೇ ಬಿತ್ತಿದ್ದೀರಿ ಅಂತ ಅರ್ಥ. ಅಲ್ವಾ? ಹೈಬ್ರಿಡ್ ಬೀಜ ಪ್ರತಿ ಸಲ ಹೊಸದೇ ಆಗಬೇಕು.

ತೆನೆಯ ಬೆನ್ನು ನೀರು ಹಿಡಿದು ಮೆತ್ತಗೆ ಕೊಳೆತಿದ್ದರೆ ಅದು ತೆನೆ ಕೊಳೆ ರೋಗ. ಮಳೆಯ ಜೊತೆ ಹಕ್ಕಿ, ಹುಳು ಮಾಡಿದ ಗಾಯದಿಂದ ಒಳಗೆ ಇಳಿಯುತ್ತದೆ. ಅಂಥ ತೆನೆಯನ್ನು ರಾಶಿಗೆ ಸೇರಿಸಬೇಡಿ, ಅದರ ಕಾಳಿನಿಂದ ಎಣ್ಣೆ ಕಹಿಯಾಗುತ್ತದೆ.

ಗಾಣದಲ್ಲಿ ಕಾಣುವ ದೋಷ

ಒಳ್ಳೆ ಕಾಳಿನಲ್ಲಿ ನೂರಕ್ಕೆ 38ರಿಂದ 42 ಪಾಲು ಎಣ್ಣೆ ಇರುತ್ತದೆ. ಸಣ್ಣ ಗಾಣದಲ್ಲಿ ಅಷ್ಟೂ ಬರುವುದಿಲ್ಲ, ಹತ್ತು ಕಿಲೋಗೆ ಮೂರು ಕಿಲೋ ಆಸುಪಾಸು. ಎರಡಕ್ಕಿಂತ ಕೆಳಗೆ ಇಳಿದರೆ ಗಾಣದವರ ಜೊತೆ ಜಗಳಕ್ಕೆ ನಿಲ್ಲುವ ಮೊದಲು ಒಂದು ಹಿಡಿ ಕಾಳು ಉಗುರಿನಲ್ಲಿ ಒತ್ತಿ ನೋಡಿ. ಜೊಳ್ಳು ಎಣ್ಣೆ ಕೊಡುವುದಿಲ್ಲ, ಅದೂ ಸಾಲದೆ ಒಳ್ಳೆ ಕಾಳಿನ ಎಣ್ಣೆಯನ್ನೂ ಸಿಪ್ಪೆ ಹೀರಿಕೊಂಡು ಹಿಂಡಿಗೆ ಒಯ್ಯುತ್ತದೆ. ಗಾಣಕ್ಕೆ ಹಾಕುವ ಮೊದಲು ಗಾಳಿಗೆ ತೂರಿ ಜೊಳ್ಳು ಹಾರಿಸಿ. ಹಸಿ ಕಾಳೂ ಬೇಡ, ಕಡಿದರೆ ಕಟ್ ಅನ್ನುವಷ್ಟು ಒಣಗಿರಲಿ.

ಚಳಿಗಾಲದಲ್ಲಿ, ಅದರಲ್ಲೂ ಬೀದರಿನ ಡಿಸೆಂಬರ್ ರಾತ್ರಿಗಳಲ್ಲಿ, ಗಾಣದ ಎಣ್ಣೆ ಮಂಕಾಗಿ ತಳದಲ್ಲಿ ಬಿಳಿ ಮೋಡದ ಹಾಗೆ ಕೂರುತ್ತದೆ. ಕಲಬೆರಕೆ ಅಂತ ಹೆದರಬೇಡಿ. ಅದು ಸಿಪ್ಪೆಯಿಂದ ಬಂದ ಮೇಣ. ದೊಡ್ಡ ಮಿಲ್ಲುಗಳಲ್ಲಿ ಎಣ್ಣೆಯನ್ನು ತಂಪು ಮಾಡಿ ಆ ಮೇಣ ಸೋಸಿ ತೆಗೆಯುತ್ತಾರೆ, ಗಾಣದಲ್ಲಿ ತೆಗೆಯುವುದಿಲ್ಲ. ಬಿಸಿಲಿಗೆ ಇಟ್ಟರೆ ತಿಳಿಯಾಗುತ್ತದೆ. ತುಂಬಾ ಹೊತ್ತು ಮಾತ್ರ ಇಡಬೇಡಿ. ಬೆಳಕು, ಗಾಳಿ ತಾಗಿದರೆ ಈ ಎಣ್ಣೆ ಬೇಗ ಮುಗ್ಗಲು ವಾಸನೆ ಹಿಡಿಯುತ್ತದೆ. ಸ್ಟೀಲ್ ಡಬ್ಬಿಯಲ್ಲಿ ಬಾಯಿತನಕ ತುಂಬಿ ಕತ್ತಲಲ್ಲಿಡಿ.

ಕಾಳು ಬಡಿದುಕೊಂಡ ಮೇಲೆ ಉಳಿಯುವ ತೆನೆಯ ಬುಟ್ಟಿಯನ್ನು ಒಣಗಿಸಿ ಚೂರು ಮಾಡಿ ದನಕ್ಕೆ ಹಾಕಬಹುದು. ಬೂಷ್ಟು ಬಂದದ್ದು ಬೇಡ. ಹಿಂಡಿಯೂ ದನಕ್ಕೆ ಒಳ್ಳೆಯದು, ಆದರೆ ಸಿಪ್ಪೆ ಜಾಸ್ತಿ ಇರುವ ಹಿಂಡಿಯಲ್ಲಿ ನಾರೇ ಹೆಚ್ಚು, ಅದರ ಜೊತೆ ಶೇಂಗಾ ಹಿಂಡಿ ಬೆರೆಸಿ ಕೊಡಿ. ದಂಟು ಒಲೆಗೆ ಆಗುತ್ತದೆ. ಒಲೆಯ ಬೂದಿಯನ್ನು ತಿಪ್ಪೆಗೆ ಹಾಕಿ, ಅದರಲ್ಲಿ ಪೊಟ್ಯಾಷ್ ಇದೆ.

ನಾನು ಈಗ ಅಂಚಿನ ಸುತ್ತು ಅರಳಿದ ದಿನವೇ ಆ ತಾರೀಖನ್ನು ಒಂದು ತಗಡಿನ ಚೂರಿನ ಮೇಲೆ ಬರೆದು ಬದುವಿನ ಬೇವಿನ ಮರಕ್ಕೆ ಕಟ್ಟುತ್ತೇನೆ. ಔಷಧಿ ಹೊಡೆದ ದಿನ, ಮಳೆ ಬಂದ ದಿನ ಅದರ ಕೆಳಗೆ ಬರೆಯುತ್ತೇನೆ. ಡಿಸೆಂಬರಿನಲ್ಲಿ ತೆನೆ ಮುರಿದಾಗ ಆ ತಗಡು ಪಕ್ಕದಲ್ಲೇ ಇರುತ್ತದೆ.